ಕಲ್ಲು ಎಷ್ಟು ಕಾಲ ಕದಲದೆ ಬಿದ್ದಿತ್ತು?

(ಸಭೆಯೊಂದರಲ್ಲಿ ಆಡಿದ ಮಾತಿನ ಬರಹರೂಪ)

ಹುಳ ಕಲ್ಲು ಕೊರೆಯುತ್ತದೆ ಎಂದರೆ ನಮ್ಮಲ್ಲಿ ಯಾರೂ ಅಷ್ಟೇನೂ ಬೆರಗಾಗುವುದಿಲ್ಲ. ಮನೆಯಲ್ಲಿ ಸಾಲಿಗ್ರಾಮ ಇರುವವರಿಗೆ ಕತೆ ಗೊತ್ತೇ ಇದೆ. ಗಂಡಕಿ ನದಿಯಲ್ಲಿ ವಜ್ರಕೀಟ ಎಂಬ ಹುಳ ಇದೆ, ಅದು ಕಲ್ಲನ್ನು ಕೊರೆದು ಒಳಗೆ ಚಕ್ರ ಕೆತ್ತುತ್ತದೆ ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಭೂವಿಜ್ಞಾನಿಗಳು ಹೇಳುವುದು ಬೇರೆ. ಆ ಚಕ್ರ ಅಮೋನೈಟ್ ಎಂಬ ಕಡಲ ಪ್ರಾಣಿಯ ಸುರುಳಿ ಚಿಪ್ಪಿನ ಅಚ್ಚು. ಸುಮಾರು 15 ಕೋಟಿ ವರ್ಷಗಳ ಹಿಂದೆ, ಹಿಮಾಲಯ ಏಳುವುದಕ್ಕಿಂತ ಎಷ್ಟೋ ಮೊದಲು, ಟೆಥಿಸ್ ಕಡಲಿನ ಕೆಸರಿನಲ್ಲಿ ಅದು ಹೂತುಹೋಯಿತು. ಸುತ್ತಲಿನ ಕೆಸರು ಗಟ್ಟಿಯಾಗಿ ಉಂಡೆಗಟ್ಟಿತು. ಆಮೇಲೆ ನದಿ ಅದನ್ನು ಉರುಳಿಸಿ ನುಣ್ಣಗೆ ಮಾಡಿತು. ಅಂದರೆ ಸಾಲಿಗ್ರಾಮದ ವಿಷಯದಲ್ಲಿ ಹುಳಕ್ಕೆ ಕೆಲಸ ಇಲ್ಲ.

ಆದರೆ ಕಲ್ಲು ಕೊರೆಯುವ ಹುಳ ಇದೆ. ನದಿಯಲ್ಲಲ್ಲ, ಕಡಲಿನಲ್ಲಿ. 50 ಕೋಟಿ ವರ್ಷಕ್ಕೂ ಹೆಚ್ಚು ಕಾಲದಿಂದ ಅದರ ಬಗೆಯವು ಕೊರೆಯುತ್ತಲೇ ಇವೆ.

ಈಗ ನಿಮ್ಮ ಸಾಲಿನಲ್ಲಿ ಕೈಯಿಂದ ಕೈಗೆ ಬರುತ್ತಿರುವ ಕಲ್ಲನ್ನು ಸ್ವಲ್ಪ ತಿರುಗಿಸಿ ನೋಡಿ. ಇಂಗ್ಲೆಂಡಿನ ದಕ್ಷಿಣದ ಕಡಲ ದಡದಲ್ಲಿ ಸಿಗುವ ಸೀಮೆಸುಣ್ಣದ ಗುಂಡುಕಲ್ಲು ಅದು. ಮೈತುಂಬ ಸಣ್ಣ ಸಣ್ಣ ತೂತು. ಕಣ್ಣು ಹತ್ತಿರ ಒಯ್ದರೆ ತೂತುಗಳು ಜೋಡಿ ಜೋಡಿಯಾಗಿ ಇರುವುದು ಕಾಣುತ್ತದೆ. ಪಾಲಿಡೋರಾ ಎಂಬ ಹುಳದ ಕೆಲಸ. ಹುಳ ಹೆಚ್ಚೆಂದರೆ 3 ಸೆಂಟಿಮೀಟರ್ ಉದ್ದ. ಒಂದು ತೂತಿನಿಂದ ಒಳಗೆ ಹೋಗಿ, ಬಾಗಿ ತಿರುಗಿ, ಪಕ್ಕದ ತೂತಿನಿಂದ ಹೊರಗೆ ಬರುವಂಥ ದಾರಿ ಮಾಡಿಕೊಳ್ಳುತ್ತದೆ. ಕಲ್ಲು ಅದಕ್ಕೆ ಊಟವಲ್ಲ, ಮನೆ. ಒಳಗೆ ಕೂತು ಎರಡು ಉದ್ದ ಮೀಸೆಗಳನ್ನು ಹೊರಗೆ ಚಾಚುತ್ತದೆ, ನೀರಿನಲ್ಲಿ ಬರುವ ಕಣಗಳನ್ನು ಹಿಡಿದು ತಿನ್ನುತ್ತದೆ. ಅಲೆ ಬಡಿದರೂ ಭಯವಿಲ್ಲ, ಮೀನು ಬಂದರೂ ಸರಕ್ಕನೆ ಒಳಗೆ.

ಮೆತ್ತನೆ ಮೈಯ ಹುಳ ಕಲ್ಲನ್ನು ಹೇಗೆ ಕೊರೆಯುತ್ತದೆ? ಈ ಹುಳದ ಮೈ ಉಂಗುರದಂಥ ಖಂಡಗಳದ್ದು, ಐದನೆಯ ಖಂಡದಲ್ಲಿ ಗಟ್ಟಿ ಮುಳ್ಳುಗಳಿವೆ. ಅವುಗಳಿಂದಲೇ ಕೆರೆಯುತ್ತದೆ ಎಂದು ಬಹಳ ಜನ ನಂಬಿದ್ದರು. 1960ರ ದಶಕದ ಕೊನೆಯಲ್ಲಿ ಆ ಮುಳ್ಳು ತೆಗೆದ ಹುಳಗಳನ್ನು ಇಟ್ಟು ನೋಡಿದಾಗ ಅವೂ ಚಿಪ್ಪಿನೊಳಗೆ ಕೊರೆದವು. ಹಾಗಾಗಿ ಮುಖ್ಯ ಕೆಲಸ ರಾಸಾಯನಿಕದ್ದು. ಹುಳ ಒಸರುವ ರಸ ಸುಣ್ಣವನ್ನು ಕರಗಿಸುತ್ತದೆ.

ಇದರಿಂದ ನಮಗೆ ಒಳ್ಳೆಯ ಪರೀಕ್ಷೆಯೊಂದು ಸಿಗುತ್ತದೆ. ರಸದಿಂದ ಕರಗಿಸುವ ಹುಳ ಸುಣ್ಣದ ಕಲ್ಲು, ಹವಳ, ಚಿಪ್ಪು ಇವುಗಳಲ್ಲಿ ಮಾತ್ರ ಮನೆ ಮಾಡಬಲ್ಲದು. ಬೆಣಚುಕಲ್ಲು ಅದಕ್ಕೆ ಬಗ್ಗುವುದಿಲ್ಲ. ಹಳೆಯ ಕಡಲ ದಡದ ಗುಂಡುಕಲ್ಲುಗಳೆಲ್ಲ ಅಂಟಿಕೊಂಡು ಬಂಡೆಯಾದ ಪದರ ನಿಮ್ಮ ಮುಂದಿದೆ ಅಂದುಕೊಳ್ಳಿ. ಅದರಲ್ಲಿ ಸುಣ್ಣದ ಕಲ್ಲಿನ ಗುಂಡುಗಳಲ್ಲಿ ತೂತು ಇದ್ದು, ಪಕ್ಕದ ಬೆಣಚುಕಲ್ಲುಗಳು ಬೋಳಾಗಿದ್ದರೆ, ಕೊರೆದದ್ದು ಜೀವಿ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಎಲ್ಲಾ ಬಗೆಯ ಕಲ್ಲಲ್ಲೂ ಒಂದೇ ಥರ ಗುಳಿ ಇದ್ದರೆ ಅನುಮಾನ ಪಡಬೇಕು.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ಸ್ಕಾಟ್ಲೆಂಡಿನ ವಾಯವ್ಯ ಭಾಗದಲ್ಲಿ, ಅಲ್ಲಾಪೂಲ್ ಊರಿನಿಂದ ಉತ್ತರಕ್ಕೆ, ಕೊಳವೆಗಳೇ ತುಂಬಿರುವ ಬಿಳಿ ಬಂಡೆ ಇದೆ. ಅಲ್ಲಿಯವರು ಅದನ್ನು ಪೈಪ್ ರಾಕ್ ಎನ್ನುತ್ತಾರೆ. 50 ಕೋಟಿ ವರ್ಷಕ್ಕೂ ಹಿಂದಿನದು, ಕೇಂಬ್ರಿಯನ್ ಎಂಬ ಕಾಲದ್ದು. ಅದರ ಒಂದು ತುಂಡು ಒಡೆದು, ಉರುಳಿ, ಗುಂಡುಕಲ್ಲಾಗಿ ನಿಮ್ಮ ಕೈಗೆ ಸಿಕ್ಕರೆ 'ಓ, ಹುಳ ಕೊರೆದ ಕಲ್ಲು' ಎಂದೇ ಅನ್ನಿಸುತ್ತದೆ. ಅಲ್ಲ. ಹುಳಗಳು ಅಲ್ಲಿ ವಾಸವಿದ್ದಾಗ ಅದು ಕಲ್ಲೇ ಆಗಿರಲಿಲ್ಲ, ಹಸಿ ಮರಳು. ರಾಗಿ ಮುದ್ದೆಗೆ ಬೆರಳು ತೂರಿಸುವುದಕ್ಕೂ ಗೋಡೆಗೆ ಡ್ರಿಲ್ ಹಾಕುವುದಕ್ಕೂ ಇರುವ ವ್ಯತ್ಯಾಸ ಇದು. ಮರಳಿನಲ್ಲಿ ಬಿಲ ಮಾಡಿದರೆ ಕಣಗಳು ಅತ್ತಿತ್ತ ಸರಿಯುತ್ತವೆ. ಗಟ್ಟಿ ಕಲ್ಲು ಕೊರೆದರೆ ದಾರಿಯಲ್ಲಿ ಸಿಕ್ಕಿದ್ದೆಲ್ಲ ಕತ್ತರಿಸಿಹೋಗುತ್ತದೆ. ಕಲ್ಲಿನೊಳಗೆ ಮೊದಲೇ ಇದ್ದ ಹಳೆಯ ಚಿಪ್ಪು ಅರ್ಧಕ್ಕೆ ತುಂಡಾಗಿದೆಯಾ, ತೂತಿನ ಅಂಚು ಅದರ ಮೇಲೆ ಹಾದುಹೋಗಿದೆಯಾ ಎಂದು ನೋಡಬೇಕು. ಲೆನ್ಸ್ ಇದ್ದರೆ ಸಾಕು, ಬೇರೆ ಸಲಕರಣೆ ಬೇಡ.

ಹುಳವಂತೂ ಪಳೆಯುಳಿಕೆಯಾಗಿ ಸಿಗುವುದೇ ಅಪರೂಪ. ಮೂಳೆ ಇಲ್ಲ, ಚಿಪ್ಪಿಲ್ಲ. ಆದ್ದರಿಂದ ವಿಜ್ಞಾನಿಗಳು ತೂತಿಗೇ ಹೆಸರಿಟ್ಟರು. ಕವಲಿಲ್ಲದ, ನೇರ, ಸಣ್ಣ ಕೊಳವೆಯಂಥ ತೂತು ಟ್ರಿಪನೈಟಿಸ್. 1932ರಲ್ಲಿ ಮೆಗ್ಡೆಫ್ರೌ ಎಂಬ ಜರ್ಮನ್ ವಿಜ್ಞಾನಿ ಕೊಟ್ಟ ಹೆಸರು. ಬಾಯಿ ಸಣ್ಣ, ಬುಡ ದಪ್ಪ, ಸೀಸೆಯಂಥ ತೂತಿಗೆ ಗ್ಯಾಸ್ಟ್ರೋಕೀನೊಲೈಟಿಸ್ ಎಂದು ಹೆಸರು. ಅದು ಹುಳದ್ದಲ್ಲ, ನಮ್ಮ ಕರಾವಳಿಯ ಬಳಚು, ಮರುವಾಯಿ ಜಾತಿಯ ಎರಡು ಚಿಪ್ಪಿನ ಪ್ರಾಣಿಗಳದ್ದು. ಒಳಗೆ ಸಣ್ಣ ಕೋಣೆಗಳ ಸಾಲು, ಮೇಲೆ ಸೂಜಿಮೊನೆಯಷ್ಟು ತೂತುಗಳು ಇದ್ದರೆ ಎಂಟೋಬಿಯಾ, ಅದು ಸ್ಪಂಜು ಎಂಬ ಕಡಲ ಪ್ರಾಣಿಯದು. ಹೆಸರುಗಳನ್ನು ನೆನಪಿಟ್ಟುಕೊಳ್ಳಬೇಕಾಗಿಲ್ಲ. ಹಳೆಯ ದಡದ ಕಲ್ಲಿನಲ್ಲಿ ಈ ಮೂರೂ ಒಟ್ಟಿಗೇ ಸಿಗುವುದು ಜಾಸ್ತಿ, ಅಷ್ಟು ಗೊತ್ತಿದ್ದರೆ ಸಾಕು.

ನನ್ನನ್ನು ಕೇಳಿದರೆ, ಕೊರೆದದ್ದು ಯಾವ ಪ್ರಾಣಿ ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಕಲ್ಲು ಎಷ್ಟು ಕಾಲ ಕದಲದೆ ಬಿದ್ದಿತ್ತು? ತೂತು ಅಂದರೆ ಸಮಯ. ಪಾಲಿಡೋರಾದಂಥ ಸಣ್ಣ ಹುಳಕ್ಕೆ ಮನೆ ಮಾಡಿಕೊಳ್ಳಲು ಹೆಚ್ಚು ಕಾಲ ಬೇಡ. ಆದರೆ ಮೆಡಿಟರೇನಿಯನ್ ಕಡಲಿನಲ್ಲಿ ಲಿಥೊಫಾಗಾ ಎಂಬ ಚಿಪ್ಪಿನ ಪ್ರಾಣಿ ಇದೆ. ನೋಡಲು ಖರ್ಜೂರದ ಬಣ್ಣ, ಖರ್ಜೂರದ ಆಕಾರ. ಮರಿಯಾಗಿದ್ದಾಗಲೇ ಸುಣ್ಣದ ಕಲ್ಲಿಗೆ ಬಂದು ಸೇರಿ, ಅದರೊಳಗೇ ಬೆಳೆದು ಅಲ್ಲೇ ಸಾಯುತ್ತದೆ. ಅದು 5 ಸೆಂಟಿಮೀಟರ್ ಉದ್ದ ಬೆಳೆಯಲು 15ರಿಂದ 35 ವರ್ಷ ಬೇಕು. ತಿನ್ನಲು ಬಲು ರುಚಿಯಂತೆ. ಅದಕ್ಕಾಗಿ ಜನ ಕಡಲ ತಳದ ಬಂಡೆಗಳನ್ನೇ ಒಡೆದು ಹಾಳುಮಾಡಿದರು, ಕೊನೆಗೆ ಯುರೋಪಿಯನ್ ಒಕ್ಕೂಟ ಅದನ್ನು ಹಿಡಿಯುವುದನ್ನೇ ನಿಷೇಧಿಸಿತು. ಈಗ ಯೋಚಿಸಿ. ಹಳೆಯ ದಡದ ಕಲ್ಲೊಂದರಲ್ಲಿ ಅಷ್ಟು ದೊಡ್ಡ ಸೀಸೆಯಂಥ ತೂತು ಪೂರ್ತಿಯಾಗಿ ಇದೆ ಎಂದರೆ, ಆ ಕಲ್ಲು ನೀರಿನಡಿಯಲ್ಲಿ, ಮರಳು ಮುಚ್ಚಿಕೊಳ್ಳದೆ, ಹತ್ತಾರು ವರ್ಷ ಇತ್ತು ಎಂದಾಯಿತು. ದಿನವೂ ಉರುಳುವ ಕಲ್ಲಿನಲ್ಲಿ ಯಾರು ಮನೆ ಕಟ್ಟುತ್ತಾರೆ?

ತೂತುಗಳು ಕಲ್ಲಿನ ಒಂದೇ ಮುಖದಲ್ಲಿ ಇದ್ದರೆ ಅದು ಮಗುಚದೆ ಕೂತಿತ್ತು. ಸುತ್ತಲೂ ಇದ್ದರೆ ಆಗಾಗ ಬಿರುಗಾಳಿ ಬಂದು ಮಗುಚಿದೆ, ನಡುನಡುವೆ ಬಿಡುವೂ ಕೊಟ್ಟಿದೆ. ತೂತಿನ ಬಾಯಿ ಚೂಪಾಗಿ ಉಳಿದಿದ್ದರೆ ಕೊರೆದ ಮೇಲೆ ಕಲ್ಲು ಹೆಚ್ಚು ಸವೆದಿಲ್ಲ. ಸೀಸೆಯ ಕತ್ತೆಲ್ಲ ಹೋಗಿ ಬುಡದ ಬಟ್ಟಲಷ್ಟೇ ಉಳಿದಿದ್ದರೆ, ಸವೆದು ಹೋದ ಕಲ್ಲಿನ ದಪ್ಪ ಎಷ್ಟು ಎಂದು ಅಲ್ಲೇ ಅಂದಾಜು ಮಾಡಬಹುದು. ಕಲ್ಲು ಒಡೆದ ಅಂಚಿನಲ್ಲಿ ತೂತು ಅರ್ಧಕ್ಕೇ ನಿಂತಿದ್ದರೆ ಮೊದಲು ಕೊರೆತ, ಆಮೇಲೆ ಒಡೆತ. ತೂತಿನೊಳಗೆ ತುಂಬಿರುವ ಕೆಸರು ಸುತ್ತಲಿನ ಪದರದ ಬಣ್ಣದ್ದಲ್ಲದಿದ್ದರೆ, ಕಲ್ಲು ಬೇರೆಲ್ಲೋ ಇದ್ದು ಇಲ್ಲಿಗೆ ಬಂದಿದೆ. ಹೀಗೆ ಕೈಯಗಲದ ಕಲ್ಲಿನಲ್ಲಿ ನಾಲ್ಕೈದು ಘಟನೆಗಳನ್ನು ಒಂದರ ಹಿಂದೆ ಒಂದು ಜೋಡಿಸಬಹುದು. ಒಂದು ಎಚ್ಚರ ಮಾತ್ರ ಬೇಕು. ತೂತಿನ ಕಲ್ಲು ಸಿಕ್ಕ ಜಾಗವೇ ಕಡಲ ದಡ ಎಂದು ಹೇಳಲಾಗದು. ನದಿ ಒಯ್ದಿರಬಹುದು, ಆಳದ ನೀರಿಗೆ ಜಾರಿರಬಹುದು. ಅದರ ಮೈಗೆ ಸಿಂಪಿ ಅಂಟಿದೆಯಾ, ಪಕ್ಕದಲ್ಲಿ ಕೊರೆದ ಬಂಡೆಯೇ ಇದೆಯಾ ಎಂದು ನೋಡಿಕೊಳ್ಳಬೇಕು.

ಕಾಲ ಅಳೆಯುವ ಈ ಉಪಾಯವನ್ನು ಪ್ರಸಿದ್ಧಿಗೆ ತಂದದ್ದು ಇಟಲಿಯ ನೇಪಲ್ಸ್ ಹತ್ತಿರದ ಪೊಜುವೋಲಿ. ಅಲ್ಲಿ ರೋಮನ್ನರ ಹಳೆಯ ಮಾರುಕಟ್ಟೆಯ ಮೂರು ಅಮೃತಶಿಲೆಯ ಕಂಬಗಳು ನಿಂತಿವೆ. ಬಹಳ ಕಾಲ ಅದನ್ನು ದೇವಾಲಯ ಎಂದುಕೊಂಡಿದ್ದರು. ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ 1828ರಲ್ಲಿ ಹೋಗಿ ನೋಡಿದರು. ಬುಡದಿಂದ ಸುಮಾರು 12 ಅಡಿ ಕಂಬ ನುಣುಪು. ಅದರ ಮೇಲೆ ಸುಮಾರು 9 ಅಡಿ ಎತ್ತರದ ಪಟ್ಟಿಯಲ್ಲಿ ಲಿಥೊಫಾಗಾ ಕೊರೆದ ತೂತುಗಳು. ಅದಕ್ಕೂ ಮೇಲೆ ಮತ್ತೆ ಏನೂ ಇಲ್ಲ. ಕೆಳಭಾಗ ಮಣ್ಣಿನಲ್ಲಿ ಹೂತಿತ್ತು, ನಡುಭಾಗ ಕಡಲ ನೀರಿನಲ್ಲಿತ್ತು, ಮೇಲ್ಭಾಗ ಗಾಳಿಯಲ್ಲಿತ್ತು. ರೋಮನ್ನರು ಕಂಬ ನಿಲ್ಲಿಸಿದ ಮೇಲೆ ನೆಲ ಕುಸಿದಿದೆ, ಮತ್ತೆ ಎದ್ದಿದೆ, ಅದೂ ಕಂಬ ಬೀಳದಷ್ಟು ನಿಧಾನವಾಗಿ. 1830ರಲ್ಲಿ ಬಂದ ತಮ್ಮ ಪುಸ್ತಕದ ಮೊದಲ ಚಿತ್ರವಾಗಿ ಲಯೆಲ್ ಈ ಕಂಬಗಳನ್ನೇ ಹಾಕಿದರು. ಅಲ್ಲಿಯ ನೆಲ ಇಂದಿಗೂ ಸುಮ್ನೆ ಕೂತಿಲ್ಲ. 1982ರಿಂದ 1984ರ ನಡುವೆ ಊರು ಸುಮಾರು 1.8 ಮೀಟರ್ ಮೇಲೆದ್ದಿತು.

ಕಂಬ ಬಿಟ್ಟು ಕಲ್ಲಿಗೆ ಬರೋಣ. ಸ್ಪೇನಿನ ಬಾರ್ಸಿಲೋನಾ ಹತ್ತಿರ ಲ್ಯೊಬ್ರೆಗಾಟ್ ನದಿಯ ಕಣಿವೆ ಇದೆ. ಸುಮಾರು 60 ಲಕ್ಷ ವರ್ಷಗಳ ಹಿಂದೆ ಅಟ್ಲಾಂಟಿಕ್‌ನಿಂದ ಮೆಡಿಟರೇನಿಯನ್‌ಗೆ ನೀರು ಬರುವ ದಾರಿ ಕಟ್ಟಿಕೊಂಡಿತು. ಕಡಲಿನ ಮಟ್ಟ ತೀರಾ ಕೆಳಗಿಳಿಯಿತು, ತಳದಲ್ಲಿ ಉಪ್ಪು ಗಡ್ಡೆಗಟ್ಟಿತು. ಸುತ್ತಲಿನ ನದಿಗಳು ಅಷ್ಟು ಕೆಳಗಿಳಿಯಲು ಆಳವಾದ ಕಣಿವೆ ಕೊರೆದವು. 53 ಲಕ್ಷ ವರ್ಷಗಳ ಹಿಂದೆ ದಾರಿ ತೆರೆದು ನೀರು ಮತ್ತೆ ನುಗ್ಗಿತು. ಆ ಕಣಿವೆಗಳೆಲ್ಲ ಕಡಲಿನ ಉದ್ದನೆಯ ತೋಳುಗಳಾದವು. ಎಲ್ಲಿಯವರೆಗೆ ಕಡಲು ಒಳಗೆ ಬಂದಿತ್ತು? ಬಂಡೆಗಳ ಮೇಲಿನ ತೂತುಗಳೇ ಹೇಳುತ್ತವೆ.

ಬಾರ್ಸಿಲೋನಾ ವಿಶ್ವವಿದ್ಯಾಲಯದ ಜೋರ್ಡಿ ದ ಗಿಬರ್ಟ್, ಜೋರ್ಡಿ ಮಾರ್ಟಿನೆಲ್ ಮತ್ತು ರೋಸಾ ಡೊಮೆನೆಕ್ ಈ ಭಾಗದ ಹಳೆಯ ಕಲ್ಲುದಡಗಳನ್ನು ಅಧ್ಯಯನ ಮಾಡಿ 1998ರಲ್ಲಿ ಪ್ರಕಟಿಸಿದರು. ಅವರ ಬರಹದಲ್ಲಿ ನನಗೆ ಬಹಳ ಇಷ್ಟವಾದ ವಿಚಾರ ಒಂದಿದೆ. ಇಂಥ ದಡಗಳಲ್ಲಿ ಉಳಿಯುವುದು ಆಳವಾದ ತೂತುಗಳು ಮಾತ್ರ, ಸ್ಪಂಜಿನವು, ಚಿಪ್ಪಿನ ಪ್ರಾಣಿಗಳವು. ಮೇಲ್ಮೈಯಲ್ಲಿ ಕಡಲ ಬಸವನಹುಳು ಹಲ್ಲಿನಿಂದ ಕೆರೆದದ್ದು, ಸಣ್ಣ ಹುಳ ಮಾಡಿದ ಆಳವಿಲ್ಲದ ಗೀರು, ಇವೆಲ್ಲ ಅಲೆಯ ಸವೆತಕ್ಕೆ ಅಳಿಸಿಹೋಗುತ್ತವೆ. ಅಂದರೆ ಬಂಡೆ ತೆರೆದುಕೊಂಡಿದ್ದ ಕಾಲ ಹೆಚ್ಚಾದಷ್ಟೂ ಸಣ್ಣ ಗುರುತುಗಳು ಹೋಗಿ ಆಳದವು ಮಾತ್ರ ನಿಲ್ಲುತ್ತವೆ. ಸಣ್ಣ ಗುರುತುಗಳೂ ಹಾಗೇ ಉಳಿದ ಜಾಗ ಸಿಕ್ಕರೆ ಅದು ಬೇಗನೆ ಹೂತುಹೋಗಿತ್ತು ಎಂದರ್ಥ. ತೂತು ಇರುವುದೂ ಸಾಕ್ಷಿ, ಇಲ್ಲದಿರುವುದೂ ಸಾಕ್ಷಿ.

ಇನ್ನೂ ಹಳೆಯದಕ್ಕೆ ಹೋಗೋಣ. ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ ಫ್ರೂಮ್ ಎಂಬ ಊರು, ಅದರ ಪಕ್ಕ ವ್ಯಾಲಿಸ್ ವೇಲ್ ಕಣಿವೆ. 1846ರಲ್ಲಿ ಭೂವಿಜ್ಞಾನಿ ಹೆನ್ರಿ ಡಿ ಲಾ ಬೀಚ್ ಅದರ ಬಗ್ಗೆ ಬರೆದರು, ಇವತ್ತಿಗೂ ಭೂವಿಜ್ಞಾನದ ವಿದ್ಯಾರ್ಥಿಗಳು ಅಲ್ಲಿಗೆ ಹೋಗುತ್ತಾರೆ. ಕೆಳಗೆ ಬೂದು ಬಣ್ಣದ ಸುಣ್ಣದ ಕಲ್ಲು, ಕಾರ್ಬೊನಿಫೆರಸ್ ಕಾಲದ್ದು, ಸುಮಾರು 34 ಕೋಟಿ ವರ್ಷ ಹಳೆಯದು. ಅದರ ಪದರಗಳು ಓರೆಯಾಗಿ ಎದ್ದು ನಿಂತಿವೆ. ಮೇಲೆ ಹಳದಿ ಬಣ್ಣದ ಸುಣ್ಣದ ಕಲ್ಲು, ಜುರಾಸಿಕ್ ಕಾಲದ್ದು, ಸುಮಾರು 17 ಕೋಟಿ ವರ್ಷ ಹಳೆಯದು. ಅದು ಮಟ್ಟಸವಾಗಿ ಮಲಗಿದೆ. ಎರಡರ ನಡುವೆ ಒಂದು ಗೆರೆ, ಅಷ್ಟೇ. ಬೆರಳು ಇಟ್ಟರೆ ಅರ್ಧ ಬೆರಳು 34 ಕೋಟಿಯಲ್ಲಿ, ಅರ್ಧ ಬೆರಳು 17 ಕೋಟಿಯಲ್ಲಿ.

ಆ ಗೆರೆಯ ಮೇಲೆ, ಬೂದು ಬಂಡೆಯ ತಲೆಯಲ್ಲಿ, ತೂತುಗಳಿವೆ. ಸಪೂರ ಉದ್ದನೆಯವು ಹುಳದ್ದು, ಸೀಸೆಯಂಥವು ಚಿಪ್ಪಿನ ಪ್ರಾಣಿಗಳದ್ದು. ಒಳಗೆ ತುಂಬಿರುವುದು ಮೇಲಿನ ಹಳದಿ ಕಲ್ಲು. ಬಂಡೆಗೆ ಸಿಂಪಿಗಳೂ ಅಂಟಿಕೊಂಡಿವೆ. ಇದರಿಂದ ಎಷ್ಟೆಲ್ಲ ತಿಳಿಯುತ್ತದೆ ನೋಡಿ. ಜುರಾಸಿಕ್ ಕಡಲು ಬರುವ ಹೊತ್ತಿಗೆ ಕೆಳಗಿನ ಕೆಸರು ಕಲ್ಲಾಗಿ, ಓರೆಯಾಗಿ, ತಲೆ ಸವೆದು ಚಪ್ಪಟೆಯಾಗಿತ್ತು. ಆ ಕಡಲು ಬಂದ ಕೂಡಲೇ ಮಣ್ಣು ಹಾಕಿ ಮುಚ್ಚಲಿಲ್ಲ. ಬರೀ ಬಂಡೆ ನೀರಿನಡಿ ತೆರೆದು ಬಿದ್ದಿತ್ತು, ಹುಳಗಳು ಬಂದು ಕೊರೆದು, ಬದುಕಿ, ಸಾಯುವಷ್ಟು ಕಾಲ. 17 ಕೋಟಿ ವರ್ಷದ ಖಾಲಿ ಜಾಗದಲ್ಲಿ ನಮಗೆ ಕಣ್ಣಾರೆ ಕಾಣುವ ಬದುಕು ಅಂದರೆ ಅದರ ಕೊನೆಯ ಈ ಚೂರು ಮಾತ್ರ. ನಡುವೆ ಡೈನೊಸಾರ್‌ಗಳು ಬಂದದ್ದಕ್ಕೂ ಆ ಗೆರೆಯಲ್ಲಿ ಗುರುತಿಲ್ಲ, ಬಡಪಾಯಿ ಹುಳಕ್ಕೆ ಇದೆ!

ಅಮೆರಿಕದ ಕೆಂಟಕಿಯ ಉತ್ತರ ಭಾಗದ್ದು ಇನ್ನೊಂದು ಚಂದದ ಕತೆ. ಅಲ್ಲಿ ಸುಮಾರು 45 ಕೋಟಿ ವರ್ಷ ಹಿಂದಿನ ಕಡಲ ತಳದ ಪದರಗಳಿವೆ. ಅದು ದಡವಲ್ಲ, ದಡದಿಂದ ಆಚೆಯ ಕೆಸರಿನ ತಳ. ಕೆಸರಿನೊಳಗೇ ಸುಣ್ಣ ಗಟ್ಟಿಯಾಗಿ ಉಂಡೆಗಳಾದವು. ಬಿರುಗಾಳಿ ಕೆಸರನ್ನು ಗುಡಿಸಿಕೊಂಡು ಹೋದಾಗ ಉಂಡೆಗಳು ಹೊರಗೆ ಬಂದವು. ಸುತ್ತ ಎಲ್ಲಾ ಮೆತ್ತಗೆ, ಗಟ್ಟಿ ನೆಲ ಬೇಕಾದವರಿಗೆ ಈ ಕಲ್ಲುಗಳೇ ಗತಿ. ಹುಳ ಟ್ರಿಪನೈಟಿಸ್ ತೂತು ಕೊರೆಯಿತು, ಬ್ರಯೋಜೋವಾ ಎಂಬ ಹಾಸುಜೀವಿಗಳು ಮೇಲೆ ಹಬ್ಬಿದವು. ಮಾರ್ಕ್ ವಿಲ್ಸನ್ ಎಂಬ ವಿಜ್ಞಾನಿ 1985ರಲ್ಲಿ ಇವುಗಳ ಬಗ್ಗೆ ಬರೆದರು. ಕಲ್ಲು ಮಗುಚಿದಾಗಲೆಲ್ಲ ಮೇಲಿದ್ದವರು ಕೆಳಗೆ ಸಿಕ್ಕಿ ಸತ್ತರು, ಹೊಸ ಮೇಲ್ಮೈಯಲ್ಲಿ ಹೊಸಬರ ಸಂಸಾರ ಶುರುವಾಯಿತು. ಯಾರ ಮೇಲೆ ಯಾರು ಹಬ್ಬಿದ್ದಾರೆ, ಯಾರ ಮೈಯನ್ನು ಕೊರೆದು ಯಾರು ಒಳಗೆ ಹೋಗಿದ್ದಾರೆ ಎಂದು ನೋಡಿ ಅವರು ಆ ಸರದಿಯನ್ನು ಬಿಡಿಸಿದರು.

ಕೊರೆಯುವ ಕಸುಬು ಶುರುವಾದದ್ದು ಯಾವಾಗ? ಕಣ್ಣಿಗೆ ಕಾಣುವ ಗಾತ್ರದ ತೂತುಗಳಲ್ಲಿ ತೀರಾ ಹಳೆಯವು ಕೆನಡಾದ ಲ್ಯಾಬ್ರಡಾರ್‌ನಲ್ಲಿ ಸಿಕ್ಕವು. ಕೇಂಬ್ರಿಯನ್ ಕಾಲದ ಆರಂಭದ ದಿಬ್ಬಗಳಲ್ಲಿ ಇದ್ದವು, 1977ರಲ್ಲಿ ವರದಿಯಾದವು. ಅದರ ಮುಂದಿನ ಆರ್ಡೊವಿಷಿಯನ್ ಕಾಲದಲ್ಲಿ ಇವುಗಳ ಸಂಖ್ಯೆ, ಬಗೆ ಎರಡೂ ಜೋರಾಗಿ ಏರಿದವು. ಅದಕ್ಕೂ ಹಿಂದೆ ಹುಡುಕಿ ಪ್ರಯೋಜನವಿಲ್ಲ. ನಮ್ಮ ಬಾಗಲಕೋಟೆ, ಲೋಕಾಪುರದ ಕಡೆ ಬೇಕಾದಷ್ಟು ಸುಣ್ಣದ ಕಲ್ಲಿದೆ. ಕಲಾದಗಿ ಗುಂಪಿನ ಬಂಡೆ. ಕಡಲಿನಲ್ಲೇ ಆದದ್ದು, ಹುಳಕ್ಕೆ ಹೇಳಿ ಮಾಡಿಸಿದ ಕಲ್ಲು. ಆದರೆ ಅದು ನೂರು ಕೋಟಿ ವರ್ಷಕ್ಕೂ ಹಳೆಯದು. ಆಗ ಕೊರೆಯಲು ಪ್ರಾಣಿಗಳೇ ಇರಲಿಲ್ಲ. ಅಲ್ಲಿ ಸಿಗುವುದು ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಮಂಗಳೂರು ಕಡೆಯವರೊಬ್ಬರು ಕೇಳಿದರು: "ನಮ್ಮ ಮುರಕಲ್ಲಿನಲ್ಲೂ ತೂತುಗಳು ಇರ್ತಾವಲ್ಲ ಸಾರ್, ಅದೂ ಹುಳದ್ದೇನಾ?" ಅಲ್ಲ. ಮುರಕಲ್ಲಿನ ತೂತು ಮಳೆ, ಬಿಸಿಲು, ಕಾಲ ಇವುಗಳ ಕೆಲಸ. ಬಂಡೆ ಕೊಳೆತು ಕಬ್ಬಿಣದ ಅಂಶ ಗಟ್ಟಿಯಾಗಿ ನಿಲ್ಲುತ್ತದೆ, ನಡುವಿನ ಮೆತ್ತನೆ ಜೇಡಿ ತೊಳೆದುಹೋಗುತ್ತದೆ. ಅದರ ತೂತುಗಳು ಅಂಕುಡೊಂಕು, ಒಂದರೊಳಗೊಂದು ಸೇರಿರುತ್ತವೆ, ಗಾತ್ರಕ್ಕೆ ಲೆಕ್ಕವಿಲ್ಲ. ಬೆಳಗಾವಿ, ವಿಜಯಪುರದ ಕರಿಕಲ್ಲಿನ ಗುಳಿಗಳೂ ಹುಳದ್ದಲ್ಲ, ಅವು ಲಾವಾ ಆರುವಾಗ ಸಿಕ್ಕಿಕೊಂಡ ಗಾಳಿಗುಳ್ಳೆಗಳು.

"ಹಾಗಾದ್ರೆ ನಾವು ಇಲ್ಲಿ ನೋಡೋಕೆ ಏನೂ ಇಲ್ವಾ?" ಎಂದು ಕಾಲೇಜು ಹುಡುಗಿಯೊಬ್ಬಳು ಕೇಳಿದಳು. ಇದೆಯಮ್ಮ. ಕಡಲ ದಡಕ್ಕೆ ಹೋದಾಗ ಹೊಳೆಯುವ ಹೊಸ ಚಿಪ್ಪು ಬಿಟ್ಟು, ದಪ್ಪನೆಯ, ಹಳೆಯ, ಬಣ್ಣ ಕೆಟ್ಟ ಸಿಂಪಿ ಚಿಪ್ಪು ಆರಿಸಿಕೋ. ಒತ್ತೊತ್ತಾಗಿ ಸೂಜಿಮೊನೆಯ ತೂತುಗಳಿದ್ದರೆ ಸ್ಪಂಜು. ಜೋಡಿ ತೂತು, ಅಥವಾ ಎರಡು ಸೇರಿ 8ರ ಆಕಾರವಾಗಿದ್ದರೆ ಹುಳ. ಒಂದೇ ಒಂದು ದುಂಡು ತೂತು, ಅಂಚು ಇಳಿಜಾರಾಗಿದ್ದರೆ ಅದು ಬೇಟೆಗಾರ ಶಂಖದ ಹುಳು ಒಳಗಿನ ಮಾಂಸಕ್ಕಾಗಿ ಹಾಕಿದ್ದು. ಆಮೇಲೆ ಚಿಪ್ಪನ್ನು ಮಗುಚಿ ಒಳಮೈ ನೋಡು. ಒಳಗಡೆ ಉಬ್ಬಿದ ಗುಳ್ಳೆಯಂತೆ ಇದ್ದರೆ, ಹುಳ ಕೊರೆಯುವಾಗ ಸಿಂಪಿ ಬದುಕಿತ್ತು. ಒಳಗೆ ಬರುವ ಹುಳಕ್ಕೆ ಅಡ್ಡವಾಗಿ ತನ್ನ ಚಿಪ್ಪಿನ ಪದರವನ್ನೇ ಬಳಿದುಕೊಂಡಿದೆ. ತೂತು ಒಳಮೈಯಿಂದಲೇ ಶುರುವಾಗಿದ್ದರೆ, ಸಿಂಪಿ ಸತ್ತು ಚಿಪ್ಪು ಬಾಯಿ ತೆರೆದ ಮೇಲೆ ಹುಳ ಬಂದಿದೆ.